ಸುಂದರಿಯ ಬಣ್ಣ

ತಾರಾನಾಥ ಶೆಟ್ಟರು ಕದ್ರಿ ಪಾರ್ಕಿನ ಗುಲಾಬಿಯೊಂದನ್ನು ತೊಟ್ಟಿನ ಸಮೇತ ಮುರಿದರು. ಕಾವಲುಗಾರ ಆಚೆ ಮುಖ ಮಾಡಿ ನಿಂತಿದ್ದ. ಹೂವನ್ನು ಮೂಗಿಗೆ ಒತ್ತಿ ಉಸಿರೆಳೆದರು, ಎಸಳುಗಳನ್ನು ಹೆಬ್ಬೆರಳಿನಿಂದ ಉಜ್ಜಿದರು, ಉಳಿದದ್ದನ್ನು ಕೆಸರಿಗೆ ಎಸೆದರು.

"ಪರಿಮಳವೇ ಇಲ್ಲ ಮಾರಾಯ್ರೆ. ಅದಿರಲಿ, ಹುಡುಗಿ ಬಣ್ಣ ಎಂತದು?"

ಸರ್ವೋತ್ತಮ ಕೆಸರಿಗೆ ಬಿದ್ದ ಎಸಳುಗಳನ್ನು ನೋಡಿದ. ಹೂವಿನ ಮಾತೂ ಅಕ್ಕನ ಮಾತೂ ಒಂದೇ ಉಸಿರಿನಲ್ಲಿ ಬಂದಿದ್ದವು.

"ನನ್ನದೇ ಬಣ್ಣ," ಎಂದರು ಅವನ ತಾಯಿ ಹೇಮಾಕ್ಷಿ.

"ಅಂದರೆ ಕಪ್ಪು." ಶೆಟ್ಟರು ಕ್ರೋಟನ್ ಗಿಡದ ಮೇಲೆ ಎಲೆಯಡಿಕೆ ಉಗುಳಿದರು. ಕೆಂಪು ರಸ ಹಳದಿ ಎಲೆಯಿಂದ ಎಲೆಗೆ ಇಳಿಯಿತು. "ನಮ್ಮಲ್ಲಿ ಎಲ್ಲರೂ ಬೆಳ್ಳಗೆ. ಫೋಟೋವಾದರೂ ಉಂಟಾ?"

"ಇಲ್ಲ."

"ಫೋಟೋ ಇಲ್ಲ, ಬಣ್ಣ ಇಲ್ಲ. ಹೇಗೆ ಒಪ್ಪುವುದು ಹೇಳಿ?"

ಅದು 1979ರ ಜುಲೈ ತಿಂಗಳ ಕೊನೆಯ ಭಾನುವಾರ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಪಾರ್ಕಿನಲ್ಲೇ ಮಾತಾಡೋಣ ಎಂದದ್ದು ಶೆಟ್ಟರು. ಅವರು ಹುಡುಗನ ಸೋದರಮಾವ. ಸಂಬಂಧ ಮುರಿದರೆ ಅದರ ಮಾತು ಯಾರ ಮನೆಯೊಳಗೂ ಉಳಿಯಬಾರದು ಎಂಬುದು ಅವರ ಹಟ. ಜೊತೆಗೆ ಹುಡುಗನ ತಾಯಿ ಕುಶಲಾ ಬಂದಿದ್ದರು. ಆಕೆ ಬಂದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ಅಣ್ಣ ಉಗುಳಿದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡದ್ದಷ್ಟೇ. ಹುಡುಗಿಯನ್ನು ಕರೆತಂದಿರಲಿಲ್ಲ. ಹುಡುಗನೂ ಬಂದಿರಲಿಲ್ಲ. ಇಂಥ ಮಾತುಕತೆಗೆ ಅವರು ಬೇಕಾಗಿಯೂ ಇರಲಿಲ್ಲ.

ತಾಯಿ ಕಡೆಯ ಬರಿ, ಅಂದರೆ ಗೋತ್ರ, ಬೇರೆ ಬೇರೆ. ಜಾತಿ ಒಂದೇ. ಸರ್ವೋತ್ತಮನ ಲೆಕ್ಕದಲ್ಲಿ ಹೊಂದಾಣಿಕೆ ಅಲ್ಲಿಗೆ ಮುಗಿಯಬೇಕಿತ್ತು. ಎದ್ದು ಹೋಗಲು ಅವನಿಗೆ ಸಾಧ್ಯವಿರಲಿಲ್ಲ. ತಂಗಿ ಆಶಾಲತಾಳಿಗೆ ಇಪ್ಪತ್ತೊಂಬತ್ತು ತುಂಬಿತ್ತು. ನಿಶ್ಚಯದವರೆಗೆ ಬಂದ ಮೂರು ಸಂಬಂಧಗಳು ಮುರಿದಿದ್ದವು. ನಾಲ್ಕನೆಯವರು ನವರಾತ್ರಿಯವರೆಗೆ ಕಾಯಲು ಒಪ್ಪಿದ್ದರು. ಆದರೆ ಜೋಯಿಸರು ಖಂಡಿತವಾಗಿ ಹೇಳಿಬಿಟ್ಟಿದ್ದರು: ದೊಡ್ಡವಳದ್ದು ಮುಗಿಯದೆ ಸಣ್ಣವಳದ್ದು ಆಗುವುದಿಲ್ಲ.

"ಹುಡುಗಿಗೆ ಸಿಟ್ಟು ಜಾಸ್ತಿಯಂತೆ," ಎಂದರು ಶೆಟ್ಟರು. "ತಂಗಿಯ ಸಂಬಂಧ ಮೂರು ಸಲವೂ ಅವಳೇ ಮುರಿದದ್ದಂತೆ."

"ಜನ ಹೇಳ್ತಾರೆ," ಎಂದ ಸರ್ವೋತ್ತಮ. "ಅವಳಾಗಿ ಒಂದು ಮಾತೂ ಆಡಿದವಳಲ್ಲ."

"ನಮ್ಮ ಹುಡುಗ ಪಾಪ. ಈಚೆಗೆ ಮಾತ್ರ ಮನೆಯಲ್ಲಿ ಸ್ವಲ್ಪ ಗಲಾಟೆ. ಮದುವೆ ಮಾಡಿದರೆ ಸರಿಯಾಗ್ತಾನೆ."

ಎಲ್ಲ ಹುಡುಗರ ಬಗ್ಗೆಯೂ ಎಲ್ಲ ಮಾವಂದಿರೂ ಹೇಳುವ ಮಾತು. ಸರ್ವೋತ್ತಮ ಹಲ್ಲು ಕಚ್ಚಿ ತಲೆಯಾಡಿಸಿದ.

ಅಲ್ಲಿಂದ ಟ್ಯಾಕ್ಸಿಯಲ್ಲಿ ಬಿಕರ್ನಕಟ್ಟೆ ದಾಟಿ ಯೂಸ್ಟೇಸ್ ಎಂಬವರ ಮಲ್ಲಿಗೆ ತೋಟಕ್ಕೆ ಹೋದರು. ಹೂವನ್ನು ಗಿಡದಲ್ಲೇ ನೋಡಬೇಕು, ಪೇಟೆಯ ಬಾಡಿದ ಹೂ ತಂದು ತಲೆಗೆ ಕಟ್ಟಬಾರದು ಎಂದು ಶೆಟ್ಟರು ಮೊದಲೇ ಹೇಳಿದ್ದರು. ದಾರಿಯುದ್ದಕ್ಕೂ ಅವರ ಬಾಯಿಯ ಎಲೆಯಡಿಕೆ ವಾಸನೆ ಕಾರಿನಲ್ಲಿ ತುಂಬಿತ್ತು.

ಯೂಸ್ಟೇಸ್ ಒದ್ದೆ ಗಿಡಗಳ ನಡುವಿನಿಂದ ಎದ್ದು ಬಂದರು.

"ಆಟಿ ತಿಂಗಳಲ್ಲಿ ಹೂ ಎಲ್ಲಿ ಉಂಟು? ಮೊಗ್ಗೆಲ್ಲ ಮಳೆಗೆ ಕೊಳೆಯುತ್ತದೆ. ಕಟ್ಟಿದ ಹೂ ಒಂದು ಚೆಂಡು ಆದರೆ ಪುಣ್ಯ. ಆಟಿಯಲ್ಲಿ ಯಾರಾದರೂ ಮದುವೆ ಮಾಡ್ತಾರಾ? ಇಷ್ಟು ಅವಸರ ಎಂತಕ್ಕೆ? ಮುಂದಿನ ತಿಂಗಳು ಮಾಡಿ."

"ಕಾದದ್ದು ಸಾಕು," ಎಂದರು ಶೆಟ್ಟರು.

ಯೂಸ್ಟೇಸ್ ಕೈ ಒರೆಸಿಕೊಂಡು ಬುಟ್ಟಿ ತರಲು ಒಳಗೆ ಹೋದರು.

ಶೆಟ್ಟರು ಹತ್ತಿರದ ಗಿಡಕ್ಕೆ ಕೈ ಹಾಕಿದರು. ಬಂದರಿನಲ್ಲಿ ಮೀನಿನ ಕಿವಿರು ಎತ್ತಿ ನೋಡುವವರ ಹಾಗೆ ಮೊಗ್ಗುಗಳನ್ನು ಒಂದೊಂದಾಗಿ ಹಿಸುಕಿದರು. ಉಗುರಿಗೆ ಅಂಟಿದ ಎಸಳನ್ನು ಪಂಚೆಗೆ ಒರೆಸಿದರು.

"ಬಳೆ ಚಿನ್ನದ್ದೇ ಆಗಬೇಕು. ಬೆಳ್ಳಿ ನಡೆಯುವುದಿಲ್ಲ."

"ಮಾಡಿಸ್ತೇವೆ," ಎಂದರು ಹೇಮಾಕ್ಷಿ. "ಅವಳ ಕೈ ಸಣ್ಣದು."

"ಮತ್ತೊಂದು. ಒಮ್ಮೆ ಕಳಿಸಿಕೊಟ್ಟ ಮೇಲೆ ಅವಳು ನಮ್ಮವಳು. ಪುನಃ ನಿಮ್ಮ ಬಾಗಿಲಿಗೆ ಬಂದು ನಿಲ್ಲಬಾರದು."

"ನಿಲ್ಲುವುದಿಲ್ಲ."

"ಊಟಕ್ಕೆ ಎಂತ ಇಷ್ಟ? ಮೀನು, ಕೋಳಿ?"

ಹೇಮಾಕ್ಷಿ ಕೆಳಗೆ ಬಿದ್ದ ಮೊಗ್ಗೊಂದನ್ನು ಹೆಕ್ಕಿಕೊಂಡರು. "ಹಾಲು ಕೊಟ್ಟರೆ ಸಾಕು."

ಶೆಟ್ಟರು ನಕ್ಕರು. ಕೆಂಪಾದ ಹಲ್ಲುಗಳೆಲ್ಲ ಕಾಣಿಸಿದವು. "ಎಲ್ಲದಕ್ಕೂ ಇಷ್ಟೇ ಉತ್ತರ. ನೋಡಿ, ನನಗೆ ಮನಸ್ಸು ಬರುವುದಿಲ್ಲ. ಕಪ್ಪು, ಸಿಟ್ಟಿನವಳು, ಹೇಗಿದ್ದಾಳೆಂದು ತಮ್ಮನಿಗೇ ಗೊತ್ತಿಲ್ಲ. ಸುರತ್ಕಲ್ಲಿನಲ್ಲಿ ಇನ್ನೊಂದು ಹುಡುಗಿ ಉಂಟು. ಬಿ.ಎ. ಆದವಳು. ನಾವು ಅಲ್ಲಿಗೇ ಮಾತು ಕೊಡ್ತೇವೆ."

ಆ ಬಾಯಿಗೆ ಅಂಗಳದ ಕೆಸರು ತುಂಬಬೇಕೆಂದು ಸರ್ವೋತ್ತಮನಿಗೆ ಅನಿಸಿತು. ಮೂರನೆಯ ಸಂಬಂಧ ಮುರಿದ ದಿನ ಆಶಾಲತಾ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತದ್ದು ನೆನಪಾಯಿತು. ಅವನು ಕೈ ಜೋಡಿಸಿದ.

"ಹಾಗೆ ಮಾಡಬೇಡಿ, ಶೆಟ್ರೇ."

ಜೋಡಿಸಿದ ತನ್ನ ಕೈಗಳನ್ನು ಕಂಡೇ ಅವನಿಗೆ ಹೇಸಿಗೆಯಾಯಿತು. ಶೆಟ್ಟರು ಟ್ಯಾಕ್ಸಿಯ ಕಡೆ ತಿರುಗಿಯಾಗಿತ್ತು.

"ಅಣ್ಣ, ನೀವು ಇನ್ನು ಮಾತಾಡಬೇಡಿ."

ಕುಶಲಾ. ಅಷ್ಟು ಹೊತ್ತಿನಲ್ಲಿ ಆಕೆಯ ಮೊದಲ ಮಾತು.

"ನಿನಗೆ ಗೊತ್ತಾಗುವುದಿಲ್ಲ ಕುಶಲಾ, ಸುರತ್ಕಲ್ಲಿನ ಹುಡುಗಿ..."

"ನನ್ನ ಮಗನಿಗೆ ಬಿ.ಎ. ಎಂತಕ್ಕೆ? ನೀವು ಹೋಗಿ ಕಾರಿನಲ್ಲಿ ಕೂತುಕೊಳ್ಳಿ. ಇವಳೇ ಆಗಬೇಕು. ಇದು ನನ್ನ ಮಾತು."

ಶೆಟ್ಟರು ಗೊಣಗುತ್ತ ಹೋದರು. ಕುಶಲಾ ಯೂಸ್ಟೇಸರ ಮನೆಯ ಒದ್ದೆ ಜಗಲಿಯ ಮೇಲೆ ಹೇಮಾಕ್ಷಿಯನ್ನು ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಆಮೇಲೆ ಕುಶಲಾ ಮೆಲ್ಲಗೆ ಕೇಳಿದರು:

"ನನ್ನ ಮಗ ತೀರಿಕೊಳ್ಳುವಾಗ ಅವನಿಗೆ ಎರಡೇ ಹಲ್ಲು ಬಂದಿತ್ತು. ಸತ್ತವರಿಗೂ ಮದುವೆಯ ಪ್ರಾಯ ಬರ್ತದೆ ನೋಡಿ. ನಿಮ್ಮ ಸುಂದರಿ ಹೋಗುವಾಗ ನಡೀಲಿಕ್ಕೆ ಕಲಿತಿದ್ದಳಾ?"