ಚಳಿಗೆ ಬಗ್ಗದ ಸೆಲ್ಲು

ಕುಷ್ಟಗಿಯಲ್ಲಿ ಹಿಮ ಬೀಳತೊಡಗಿದ ಮೇಲೆ ಕುರಿದೊಡ್ಡಿಗಳೆಲ್ಲ ತಗಡಿನ ಶೆಡ್ಡುಗಳಾಗಿದ್ದವು. ಹೊರಗಿನ ಕಂಬದ ಮೇಲಿನ ಸೆನ್ಸರ್ ಚಳಿ ಅಳೆದು ಸುದ್ದಿ ಕೊಟ್ಟರೆ ಒಳಗಿನ ಹೀಟರ್ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ದ್ಯಾಮವ್ವನ ಸೆನ್ಸರ್ ಮಾತ್ರ ಚಳಿ ಏರಿದಾಗಲೇ ಸತ್ತುಹೋಗುತ್ತಿತ್ತು. ಆ ವಾರ ಅವಳ ಎರಡು ಮರಿಗಳು ಸೆಟೆದು ಬಿದ್ದಿದ್ದವು. ಪಕ್ಕದ ಶೆಡ್ಡಿನಲ್ಲಿ ವಾರಗಿತ್ತಿ ನಿಂಬೆವ್ವನ ಒಂದು ಮರಿಯೂ ಕೆಮ್ಮಿರಲಿಲ್ಲ.

“ನಿಂಬೆವ್ವನ ಕೈಗುಣ ನೋಡು,” ಎಂದಳು ಅತ್ತೆ. ದ್ಯಾಮವ್ವನ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು.

ಸಂಜೆ ನಿಂಬೆವ್ವ ಕೆರೆಯ ಮಂಜುಗಡ್ಡೆ ಒಡೆದು ನೀರು ತರಲು ಹೋದಾಗ, ದ್ಯಾಮವ್ವ ಅವಳ ಸೆನ್ಸರ್ ಬಿಚ್ಚಿ ನೋಡಿದಳು. ಕೈಗುಣವೇನೂ ಇರಲಿಲ್ಲ. ಒಳಗಿದ್ದವು ಚಳಿಗೆ ಬಗ್ಗದ ಲಿಥಿಯಂ ಸೆಲ್ಲುಗಳು. ಅವನ್ನು ಕಿತ್ತು ತನ್ನ ಸೆನ್ಸರಿಗೆ ಹಾಕಿಕೊಂಡು, ಅಲ್ಲಿ ತನ್ನ ಸಾದಾ ಸೆಲ್ಲುಗಳನ್ನು ತುರುಕಿದಳು.

ಬೆಳಿಗ್ಗೆ ನಿಂಬೆವ್ವ ನಡುಗುವ ಮರಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿಬಂದಳು. “ಅಕ್ಕಾ, ನನ್ನ ಹೀಟರ್ ಹತ್ತಲೇ ಇಲ್ಲ. ಮರಿಗಳನ್ನ ನಿನ್ನ ಶೆಡ್ಡಿನ್ಯಾಗ ಬಿಡ್ಲೇನು?”

ಇಬ್ಬರೂ ಮರಿಗಳನ್ನೆಲ್ಲ ಹೊತ್ತು ತಂದರು. ಅದೃಷ್ಟಕ್ಕೆ ಎಲ್ಲವೂ ಬದುಕಿದ್ದವು. ಬೆಚ್ಚಗಿನ ಹುಲ್ಲಿನ ಮೇಲೆ ಕುಳಿತು ನಿಂಬೆವ್ವ ಕಣ್ಣೊರೆಸಿಕೊಂಡಳು.

“ನಿನ್ನ ಮರಿ ಸತ್ತದ್ದು ನೋಡಿ ನಿನಗೂ ಚಲೋ ಸೆಲ್ಲು ತರಾಕ ಹೇಳೀನಿ ಅಕ್ಕಾ. ಇವತ್ತು ಬರ್ತಾವ.”

ಒಳ್ಳೆಯತನದಲ್ಲೂ ಇವಳೇ ಮುಂದೆ! ದ್ಯಾಮವ್ವನಿಗೆ ಅದನ್ನು ತಾಳಲಾಗಲಿಲ್ಲ.

“ನಿನ್ನ ಸೆಲ್ಲು ಕದ್ದಾಕಿ ನಾನ,” ಎಂದುಬಿಟ್ಟಳು.

ನಿಂಬೆವ್ವ ಕೈಯಲ್ಲಿದ್ದ ಮರಿಯನ್ನು ಕೆಳಗಿಟ್ಟು, ಎದ್ದು ಬಂದು, ವಾರಗಿತ್ತಿಯ ಕೆನ್ನೆಗೆ ಬಲವಾಗಿ ಬಾರಿಸಿದಳು.

ಎಷ್ಟೋ ದಿನಗಳ ಮೇಲೆ ದ್ಯಾಮವ್ವನಿಗೆ ಹೊಟ್ಟೆ ತಣ್ಣಗಾಯಿತು.