ಕುಂಕುಮ ತಗೊಂಡು ಹೋಗಿ

ಆ ದೇಶದಲ್ಲಿ ದಿನಾ ದೀಪ ಹಚ್ಚುವ ಹೊತ್ತಿಗೆ ಭೂಮಿ ನಡುಗಿ, ಮನೆಗಳೆಲ್ಲ ಜಾರಿ ಎಲ್ಲೆಲ್ಲೋ ಹೋಗಿ ನಿಲ್ಲುತ್ತಿದ್ದವು. ಬೆಳಗ್ಗೆ ಎದ್ದರೆ ಅಕ್ಕಪಕ್ಕದವರೇ ಬೇರೆ. ದಾವಣಗೆರೆಯಿಂದ ಹೊಸದಾಗಿ ಬಂದಿದ್ದ ಮಂದಾಕಿನಿಗೆ ಅದೂ ರೂಢಿಯಾಗಿತ್ತು. ಆದರೆ ಹೋದ ವಾರ ಗಂಡನ ಆಫೀಸು ಜಾರಿ ಹೊಳೆಯಾಚೆ ಸೇರಿತ್ತು, ಗಂಡನ ಸಮೇತ. ಅಂದಿನಿಂದ ಮನೆಯಲ್ಲಿ ಅವಳೊಬ್ಬಳೇ.

ಅವತ್ತು ಪಕ್ಕಕ್ಕೆ ಬಂದು ನಿಂತಿದ್ದ ಮನೆಯಿಂದ ಓಲಿನಾ ಅಜ್ಜಿ ಉಪ್ಪು ಕೇಳಲು ಬಂದಳು. ಕಾಫಿ ಕುಡಿದು, ಮದುವೆ ಆಲ್ಬಂ ಪೂರ್ತಿ ನೋಡಿ, ಕತ್ತಲಾಗುತ್ತಿದ್ದಂತೆ ಗಾಬರಿಯಿಂದ ಎದ್ದಳು.

"ಹೊರಟೆನಮ್ಮ. ಇನ್ನು ನಿಂತರೆ ನನ್ನ ಮನೆ ನನ್ನನ್ನು ಬಿಟ್ಟು ಹೋಗುತ್ತೆ."

"ಕುಂಕುಮ ತಗೊಳ್ಳದೆ ಹೋಗ್ತೀರಾ ಅಜ್ಜಿ? ಒಂದೇ ನಿಮಿಷ."

ಮಂದಾಕಿನಿ ನಿಧಾನವಾಗಿ ಕುಂಕುಮ ತಂದಳು. ಆಮೇಲೆ ಬಾಳೆಹಣ್ಣು ತರಲು ಹೋದಳು. ಹೊಸ್ತಿಲಲ್ಲಿ ನಿಂತು ಮೊಮ್ಮಕ್ಕಳ ಹೆಸರು ಒಂದೊಂದಾಗಿ ಕೇಳಿದಳು. ಕೊನೆಯ ಮೊಮ್ಮಗಳ ಹೆಸರು ಬರುವಷ್ಟರಲ್ಲಿ ನೆಲ ಗಡಗಡ ಎಂದಿತು. ಅಜ್ಜಿಯ ಮನೆ ಒಲೆಯ ಮೇಲಿನ ಸಾರಿನ ಸಮೇತ ಬೀದಿ ತಿರುವಿನಲ್ಲಿ ಮರೆಯಾಯಿತು.

"ಅಯ್ಯೋ, ನನ್ನಿಂದ ಹೀಗಾಯ್ತಲ್ಲ!" ಎಂದಳು ಮಂದಾಕಿನಿ.

ಅಜ್ಜಿ ಅವಳ ಮುಖ ನೋಡಿದಳು. ಆಮೇಲೆ ಒಳಗೆ ಮೇಜಿನ ಮೇಲೆ ಆಗಲೇ ಹಾಕಿಟ್ಟಿದ್ದ ಎರಡು ತಟ್ಟೆ ನೋಡಿದಳು.

"ನನಗೆ ಖಾರ ಕಡಿಮೆ ಹಾಕಮ್ಮ" ಎಂದು ಚಪ್ಪಲಿ ಬಿಟ್ಟಳು.