ಗೌರಮ್ಮನ ತೋಳಿನ ಹದಿನಾಲ್ಕು ದಿನ

ದಾವಣಗೆರೆ ಕಡೆ ಮದುವೆಮನೆಗೆ ಹೋಳಿಗೆ ಅಂದರೆ ಚನ್ನಬಸಣ್ಣನೇ ಆಗಬೇಕು.

ಹೂರಣದ ಒಂದು ಉಂಡೆ ತಾನು ಬಾಯಿಗೆ ಹಾಕಿಕೊಂಡು "ಹೂಂ" ಅನ್ನದ ಹೊರತು, ಒಂದು ಹೋಳಿಗೆಯೂ ತವಾ ಮೇಲೆ ಬೀಳುತ್ತಿರಲಿಲ್ಲ...

ಆದರೆ ಪುಣ್ಯಾತ್ಮನಿಗೆ ಹತ್ತು ವರ್ಷದಿಂದ ಶುಗರ್!

ಮಗಳು ಶಶಿಕಲಾ ಶಿವಮೊಗ್ಗದಲ್ಲಿ ನರ್ಸ್. ಅಪ್ಪನ ನಾಲಿಗೆ ಚಪಲ ಅವಳಿಗೆ ಗೊತ್ತಿಲ್ಲವೇ? ತೋಳಿಗೆ ಅಂಟಿಸುವ ಸೆನ್ಸರ್ ತಂದುಕೊಟ್ಟಳು. ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಹದಿನಾಲ್ಕು ದಿನ ಶುಗರ್ ಎಷ್ಟಿದೆ ಅಂತ ಮನೆಯ ಫೋನಿಗೂ ಬರುತ್ತದೆ, ಅವಳ ಫೋನಿಗೂ ಬರುತ್ತದೆ.

"ಅಪ್ಪ, ನಾಳೆ ಸ್ನಾನ ಆದ್ಮೇಲೆ ಹಾಕ್ಕೊ. ಇನ್ಮೇಲೆ ನೀನು ಹೂರಣಕ್ಕೆ ಕೈ ಹಾಕಿದ್ರೆ ನಂಗೆ ಗೊತ್ತಾಗುತ್ತೆ!"

ಮದುವೆ ಸೀಸನ್ ಬೇರೆ... ಚನ್ನಬಸಣ್ಣ ತಲೆ ಓಡಿಸಿದ. ಮಗಳು ಅತ್ತ ಹೋದದ್ದೇ ತಡ, ಸೆನ್ಸರನ್ನು ಹೆಂಡತಿ ಗೌರಮ್ಮನ ತೋಳಿಗೆ ಅಂಟಿಸಿಬಿಟ್ಟ! ಮನೆಯ ಫೋನನ್ನೂ ಅವಳ ಕೈಗೇ ಕೊಟ್ಟ.

"ನಿನಗೇನೇ, ಗುಂಡುಕಲ್ಲಿನ ಹಾಗಿದ್ದೀಯ. ನಂಬರ್ ಚೆನ್ನಾಗಿ ಬರ್ತದೆ, ಮಗಳಿಗೂ ಸಮಾಧಾನ."

"ಅಯ್ಯೋ, ಅವಳಿಗೆ ಗೊತ್ತಾದ್ರೆ ನನ್ನ ಸುಮ್ನೆ ಬಿಡ್ತಾಳೇನ್ರಿ?" ಅಂತ ಗೌರಮ್ಮ ನಕ್ಕಳು. ಗಂಡ ಹೇಳಿದ್ದಕ್ಕೆ ಇಲ್ಲ ಅಂದವಳೇ ಅಲ್ಲ ಅವಳು.

ಮೂರನೇ ದಿನ ಮಗಳ ಫೋನ್.

"ಅಪ್ಪ! ಬರೀ ಹೊಟ್ಟೇಲೇ ಇನ್ನೂರ ನಲವತ್ತು! ಊಟ ಆದ್ಮೇಲೆ ಮುನ್ನೂರ ಹತ್ತು! ಅದೇನು ತಿಂತಿದ್ದೀಯ ನೀನು?"

ಫೋನ್ ಇಟ್ಟಮೇಲೆ ಚನ್ನಬಸಣ್ಣ ಬಿದ್ದು ಬಿದ್ದು ನಕ್ಕ.

"ಕಾಯಿಲೆ ಇಲ್ಲದೋಳಿಗೇ ಮುನ್ನೂರು ತೋರಿಸ್ತದಲ್ಲೇ! ಡಕೋಟಾ ಮಷೀನು."

"ಹೌದ್ರಿ, ನಾನು ಸಿಹಿ ಮುಟ್ಟೋದೇ ಇಲ್ಲ..." ಅನ್ನುತ್ತಾ ಗೌರಮ್ಮ ಒಂದು ಚೊಂಬು ನೀರು ಗಟಗಟ ಕುಡಿದಳು. ಈಚೆಗೆ ಎಷ್ಟು ಕುಡಿದರೂ ಅವಳಿಗೆ ದಾಹ. ಬಿಸಿಲಿಗೆ ಇರಬೇಕು ಅಂದುಕೊಂಡಿದ್ದರು ಇಬ್ಬರೂ.

ಹದಿನಾಲ್ಕು ದಿನವೂ ಮಗಳು ಬೈದಳು, ಅಪ್ಪ ಬೈಸಿಕೊಂಡ. ಆಮೇಲೆ ಸೆನ್ಸರ್ ಕಸದ ಬುಟ್ಟಿ ಸೇರಿತು.

ಎಂಟು ತಿಂಗಳಾಯಿತು... ಒಲೆಯಿಂದ ಸಿಡಿದ ಕೆಂಡ ತುಳಿದರೂ ಗೌರಮ್ಮನಿಗೆ ಗೊತ್ತೇ ಆಗಲಿಲ್ಲ. ಗಾಯ ಕಪ್ಪಾಗಿ ವಾಸನೆ ಬಂದಮೇಲೆ ಆಸ್ಪತ್ರೆಗೆ ಕರೆದುಕೊಂಡು ಓಡಿದರು.

"ಎಷ್ಟು ವರ್ಷದಿಂದ ಶುಗರ್?" ಅಂದರು ಡಾಕ್ಟರ್.

"ಶುಗರ್ ಇರೋದು ನನಗೆ ಸಾರ್, ಅವಳಿಗಿಲ್ಲ."

"ಐದಾರು ವರ್ಷದಿಂದ ಇರ್ಬೇಕು ಯಜಮಾನ್ರೇ. ಒಂದು ಸಲಾನೂ ಟೆಸ್ಟ್ ಮಾಡಿಸಿಲ್ವಾ? ಏಳೆಂಟು ತಿಂಗಳ ಹಿಂದೆ ಗೊತ್ತಾಗಿದ್ರೂ ಕಾಲು ಉಳಿಸಬಹುದಿತ್ತು..."

ಚನ್ನಬಸಣ್ಣನಿಗೆ ಆ ಮುನ್ನೂರ ಹತ್ತು ನೆನಪಾಯಿತು. ಶಿವಮೊಗ್ಗದಿಂದ ಓಡಿ ಬಂದ ಮಗಳ ಮುಂದೆ ಎಲ್ಲವನ್ನೂ ಹೇಳಿಬಿಟ್ಟ.

ಶಶಿಕಲಾ ಫೋನ್ ತೆಗೆದು ಆ ಹಳೆಯ ನಂಬರುಗಳನ್ನು ಮತ್ತೆ ನೋಡಿದಳು.

"ಅಷ್ಟು ದಿನ ನಾನು ನೋಡಿದ್ದು ಅಮ್ಮನ ಶುಗರಾ ಅಪ್ಪ? ನಾನು ನರ್ಸ್ ಕಣಪ್ಪ... ಅಮ್ಮಂಗೆ ಒಂದಿನಾನೂ ಟೆಸ್ಟ್ ಮಾಡಿಸ್ಲಿಲ್ವಲ್ಲ ನಾನು..."

ಮೊಣಕಾಲಿನ ಕೆಳಗೆ ಕತ್ತರಿಸಿದರು.

ಎಚ್ಚರವಾದಾಗ ಗೌರಮ್ಮ ಮೊದಲು ಕೇಳಿದ್ದು ತನ್ನ ಕಾಲಿನ ಬಗ್ಗೆ ಅಲ್ಲ...

"ರೀ... ನಿಮ್ಮ ಮಾತ್ರೆ ತಗೊಂಡ್ರಾ?"

ಸೆನ್ಸರ್ ಅಂಟಿಸಿದ್ದ ಅದೇ ತೋಳಿಗೆ ಹಣೆ ಹಚ್ಚಿ ಚನ್ನಬಸಣ್ಣ ಬಿಕ್ಕಿ ಬಿಕ್ಕಿ ಅತ್ತ. ಎಷ್ಟು ಅತ್ತರೇನು, ಹೋದ ಕಾಲು ಬರುತ್ತದೆಯೇ?

ಮಷೀನು ಸುಳ್ಳು ಹೇಳಿರಲಿಲ್ಲ... ಅವಳಿಗೂ ಕಾಯಿಲೆ ಬರಬಹುದು ಅಂತ ಮನೆಯಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ.

ನಿಮ್ಮ ಮನೆಯಲ್ಲಿ ಎಲ್ಲರಿಗೂ ಮಾತ್ರೆ ನೆನಪಿಸುವ ಆಕೆಗೆ, ಕೊನೆಯ ಸಲ ನೀವು ಶುಗರ್ ಟೆಸ್ಟ್ ಮಾಡಿಸಿದ್ದು ಯಾವಾಗ?